ಈ ವರ್ಷ ಮನೆಗೆ ಬಾರದೆ ಹೋದದ್ದು

ಬೆಲ್ಲದ ಪಾಕ ಹದಕ್ಕೆ ಬರುವ ಹೊತ್ತಿನಲ್ಲಿ ಒಂದು ವಾಸನೆ ಏಳುತ್ತದೆ, ನೋಡಿ. ಈಗಲೇ ಇಳಿಸಿದರೆ ಉಂಡೆ ಕಟ್ಟುವುದಿಲ್ಲ, ಇನ್ನೊಂದು ಗಳಿಗೆ ಬಿಟ್ಟರೆ ಸೀದುಹೋಗುತ್ತದೆ ಎನ್ನುವ ವಾಸನೆ. ಮೊನ್ನೆ ಸಂಜೆ ಮಂಡ್ಯದ ನಮ್ಮ ಮನೆಯ ಅಡಿಗೆಮನೆಯಿಂದ ಅದು ಬರಲು ಇನ್ನೂ ಹೊತ್ತಿತ್ತು. ನನ್ನ ಹೆಂಡತಿ ಕಡಲೆಬೀಜದ ಉಂಡೆಗೆ ಪಾಕ ಇಟ್ಟಿದ್ದಳು. ಹಜಾರದಲ್ಲಿ ಮೊಮ್ಮಗಳು ಕಾಲು ಚಾಚಿ ಕುಳಿತು ಚರಿತ್ರೆಯ ಪರೀಕ್ಷೆಗೆ ಬಾಯಿಪಾಠ ಮಾಡುತ್ತಿದ್ದಳು. ನಾನು ಆರಾಮಕುರ್ಚಿಯಲ್ಲಿ ಪತ್ರಿಕೆಯನ್ನು ಮುಖದ ಮೇಲೆ ಹಾಕಿಕೊಂಡು ನಿದ್ದೆ ಬಂದವರ ಹಾಗೆ ಬಿದ್ದಿದ್ದೆ. ನಿವೃತ್ತ ಮೇಷ್ಟ್ರುಗಳಿಗೆ ಇದೊಂದು ಉಪಾಯ. ಎಚ್ಚರವಾಗಿದ್ದೇವೆಂದು ಗೊತ್ತಾದರೆ ಮಕ್ಕಳು ಹೊಸ ಲೆಕ್ಕ ತಂದು ಕೇಳುತ್ತಾರೆ. ಬಿಡಿಸಲು ಬರದಿದ್ದರೆ ಇದ್ದ ಮರ್ಯಾದೆಯೂ ಹೋಗುತ್ತದೆ.

"ಜಗತ್ತಿನ ಆರ್ಥಿಕ ಮುಗ್ಗಟ್ಟು. ಕಾರಣಗಳು. ಪರಿಣಾಮಗಳು" ಎಂದು ಅವಳು ರಾಗವಾಗಿ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ರಾಗ ನಿಂತಿತು.

"ತಾತ, ಬೆಲೆ ಎಲ್ಲಾ ಬಿದ್ದುಹೋಯ್ತು ಅಂತ ಬರ್ದಿದೆ. ಬೆಲೆ ಇಳಿದ್ರೆ ಒಳ್ಳೇದೇ ಅಲ್ವಾ? ಅದಕ್ಯಾಕೆ ಕಷ್ಟ ಅಂತಾರೆ?"

ನಾನು ನಿದ್ದೆಯನ್ನು ಅಲ್ಲಿಗೇ ಬಿಟ್ಟು ಎದ್ದು ಕುಳಿತೆ. ಈ ಪ್ರಶ್ನೆ ನನ್ನ ಕಿವಿಗೆ ಮೊದಲ ಸಲ ಬಿದ್ದಾಗ ಅವಳ ಅಪ್ಪನೂ ಹುಟ್ಟಿರಲಿಲ್ಲ.

ಮೂವತ್ತರ ದಶಕದ ಮೊದಮೊದಲ ವರ್ಷಗಳು. ಮಳವಳ್ಳಿಯಿಂದ ಹಲಗೂರಿನ ಕಡೆಗೆ ಹೋಗುವ ದಾರಿಯಲ್ಲಿ ಒಂದು ಊರು. ಹೆಸರು ಬೇಡ; ಆ ಊರಿನವರು ಈಗಲೂ ಸಂತೆಯಲ್ಲಿ ಸಿಕ್ಕಿದರೆ ನಮಸ್ಕಾರ ಮಾಡುತ್ತಾರೆ, ಅದು ನಿಲ್ಲುವುದು ಬೇಡ. ಅಲ್ಲಿನ ಮಿಡ್ಲ್ ಸ್ಕೂಲಿಗೆ ನಾನು ಲೆಕ್ಕದ ಮೇಷ್ಟ್ರಾಗಿ ಹೋದಾಗ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ನಿಡಘಟ್ಟದ ಒಕ್ಕಲು ಮನೆಯ ಹುಡುಗ, ಓದಿದ್ದು ಸ್ವಲ್ಪ, ಅಜ್ಜಿಯ ಬಾಯಿಂದ ಕಲಿತದ್ದೇ ಹೆಚ್ಚು. ಊರಿನವರು ನನ್ನನ್ನು ಚಿಕ್ಕಮೇಷ್ಟ್ರು ಎನ್ನುತ್ತಿದ್ದರು. ದೊಡ್ಡಮೇಷ್ಟ್ರು ಎಂದರೆ ಅನಂತಯ್ಯನವರು. ಚರಿತ್ರೆ ಭೂಗೋಳ ಅವರ ಪಾಲು. ಮೈಸೂರಿನ ಕಡೆಯವರು, ಬಿಳಿ ರುಮಾಲು, ಮುಚ್ಚುಕೋಟು, ಮೆತ್ತಗಿನ ಮಾತು. ವಯಸ್ಸಾದ ತಾಯಿ, ಹೆಂಡತಿ, ಸಾಲಾಗಿ ಚಿಕ್ಕ ಮಕ್ಕಳು, ಅಷ್ಟೂ ಜನ ಆ ಒಂದು ಕೆಲಸವನ್ನು ನಂಬಿಕೊಂಡಿದ್ದರು. ಸಂಜೆ ಅವರ ಮನೆಯ ಜಗಲಿಯೇ ನನ್ನ ಕ್ಲಬ್ಬು. ಎರಡು ದಿನ ತಡವಾಗಿ ಅಂಚೆಯಲ್ಲಿ ಬರುವ ಪತ್ರಿಕೆಯನ್ನು ಅವರು ಗಟ್ಟಿಯಾಗಿ ಓದುವರು, ನಾನು ಕೇಳುತ್ತ ಕೇಳುತ್ತ ಕಂಬಕ್ಕೆ ಒರಗಿ ನಿದ್ದೆ ಹೋಗುವೆನು. ಆ ನಿದ್ದೆ ನಿಜವಾದದ್ದು.

ಆ ಸೀಮೆಯಲ್ಲಿ ಆಗ ಮನೆಮನೆಯಲ್ಲೂ ರೇಷ್ಮೆಹುಳು ಸಾಕುತ್ತಿದ್ದರು. ಹುಳು ಗೂಡು ಕಟ್ಟಲೆಂದು ಬಿದಿರಿನಲ್ಲಿ ಹೆಣೆದ ದೊಡ್ಡ ತಟ್ಟಿ ಇರುತ್ತದಲ್ಲ, ಚಂದ್ರಿಕೆ, ಅದು ಹೊರಗೆ ಬಿಸಿಲಿಗೆ ನಿಂತಿದ್ದರೆ ಆ ಮನೆಯಲ್ಲಿ ಕೈತುಂಬ ಕೆಲಸ ಎಂದು ಅರ್ಥ. ನಾನು ಹೋದ ವರ್ಷ ಚಂದ್ರಿಕೆಗಳು ಹೊರಗೇ ಇದ್ದವು. ಆದರೆ ಒಂದರ ಮೇಲೆ ಹಪ್ಪಳ ಒಣಗುತ್ತಿತ್ತು, ಒಂದು ಕೋಳಿಗೂಡಿನ ಬಾಗಿಲಾಗಿತ್ತು, ಇನ್ನೊಂದನ್ನು ಬಚ್ಚಲಿಗೆ ಮರೆ ಕಟ್ಟಿದ್ದರು. ರೇಷ್ಮೆಯನ್ನು ಕೇಳುವವರಿಲ್ಲ. ಹಿಪ್ಪುನೇರಳೆ ಕಿತ್ತು ರಾಗಿ ಹಾಕಿದವರೂ ಇದ್ದರು. ರಾಗಿಗೂ ಬೆಲೆಯಿಲ್ಲ, ಬೆಲ್ಲಕ್ಕೂ ಇಲ್ಲ. ಸಂತೆಯಲ್ಲಿ ಸಾಮಾನು ರಾಶಿ ಬಿದ್ದಿದೆ, ಎಲ್ಲವೂ ಸೋವಿ. ಜನ ಸುತ್ತು ಹಾಕಿ ನೋಡಿ, ಬರಿಗೈಯಲ್ಲಿ ಮನೆಗೆ ಬರುತ್ತಾರೆ.

ನನ್ನ ಪೇಚು ಬೇರೆ. ನಮ್ಮ ಲೆಕ್ಕದ ಪುಸ್ತಕ ಹಳೆಯದು. ಅದರೊಳಗಿನ ಅಂಗಡಿಯವನು ಹಳೆಯ ಬೆಲೆಗೇ ಬೆಲ್ಲ ಮಾರುತ್ತಿದ್ದ. ನಾನು ಲೆಕ್ಕ ಓದಿ ಹೇಳಿದರೆ ಹಿಂದಿನ ಸಾಲಿನಿಂದ ಒಬ್ಬ ಎದ್ದು, "ಸಾ, ಈ ಅಂಗ್ಡಿಯವ್ನು ಮೋಸ್ಗಾರ ಕನ ಸಾ. ಇವನ ತಾವ ಯಾರು ತಕ್ಕತಾರೆ?" ಎಂದು ಕೇಳುವನು. ಉತ್ತರ ಕಂಡುಹಿಡಿಯುವುದಕ್ಕೆ ಮೊದಲೇ ಲೆಕ್ಕ ಬಿದ್ದುಹೋಗುತ್ತಿತ್ತು. ನಾನು ಬೆತ್ತ ತೋರಿಸಿ ಅಂಗಡಿಯವನ ಮಾನ ಉಳಿಸುತ್ತಿದ್ದೆ.

ಅನಂತಯ್ಯನವರಿಗೆ ಬೆತ್ತದ ಅಭ್ಯಾಸವಿರಲಿಲ್ಲ. ಒಂದು ದಿನ ಅವರು ದೆಹಲಿಯ ಸುಲ್ತಾನನೊಬ್ಬ ತಾಮ್ರದ ನಾಣ್ಯ ಹೊರಡಿಸಿ, ಮನೆಮನೆಯಲ್ಲೂ ಜನ ಕಳ್ಳನಾಣ್ಯ ಅಚ್ಚುಹಾಕಿ, ರಾಜ್ಯ ಅಧ್ವಾನವಾದ ಪಾಠ ಮಾಡುತ್ತಿದ್ದರು. ಎರಡು ಕೋಣೆಗಳ ನಡುವೆ ಇದ್ದದ್ದು ಎದೆಮಟ್ಟದ ಗೋಡೆ. ಅವರ ಪಾಠ ನನಗೂ ಆಗುತ್ತಿತ್ತು. ಮರಿಗೌಡ ಎಂಬ ಹುಡುಗ ಎದ್ದು ನಿಂತ. ಊರಿನ ಹಿರಿಯ ಚಿಕ್ಕಬೋರೇಗೌಡರ ಮೊಮ್ಮಗ. ಆಗ ನಾಣ್ಯ ಜಾಸ್ತಿಯಾಗಿ ಕೆಟ್ಟುಹೋಯಿತು ಅನ್ನುತ್ತೀರಿ, ಈಗ ನಾಣ್ಯವೇ ಕಾಣುವುದಿಲ್ಲವಲ್ಲ, ಎಲ್ಲ ಸೋವಿಯಾಗಿದ್ದರೂ ನಮ್ಮ ತಾತ ಯಾಕೆ ಮಂಕಾಗಿ ಕೂತಿರುತ್ತಾರೆ ಎಂದು ಕೇಳಿದ.

ದೊಡ್ಡಮೇಷ್ಟ್ರು ರುಮಾಲು ಸರಿಮಾಡಿಕೊಂಡರು. ನಾಳೆ ಹೇಳುತ್ತೇನೆ ಎಂದರು. ಆ ಸಂಜೆ ಜಗಲಿಯ ಮೇಲೆ ಪತ್ರಿಕೆಯನ್ನು ತಿರುವಿ ಹಾಕಿದರು. ನ್ಯೂಯಾರ್ಕು, ಲಂಡನ್ನು, ಬೊಂಬಾಯಿ ಎಲ್ಲ ಸಿಕ್ಕಿದವು, ಮರಿಗೌಡನ ತಾತ ಸಿಗಲಿಲ್ಲ. ಮಾರನೆಯ ದಿನ ತರಗತಿಗೆ ಬಂದು ಪುಸ್ತಕ ಮುಚ್ಚಿಟ್ಟರು.

"ನನಗೆ ಉತ್ತರ ಗೊತ್ತಿಲ್ಲ. ನಿಮ್ಮ ಮನೆಗಳಲ್ಲಿ ಇರಬಹುದು. ಈ ವರ್ಷ ನಿಮ್ಮ ಮನೆಗೆ ಏನು ಬರಲಿಲ್ಲ? ದೊಡ್ಡವರನ್ನು ಕೇಳಿಕೊಂಡು ಬನ್ನಿ."

ಏನು ಬಂತು ಎಂದಲ್ಲ, ಏನು ಬರಲಿಲ್ಲ. ನನಗೆ ನಗು ಬಂತು. ಬಾರದೆ ಇದ್ದದ್ದನ್ನು ಹೇಗೆ ಕೂಡುವುದು, ಹೇಗೆ ಕಳೆಯುವುದು? ಲೆಕ್ಕದ ಮೇಷ್ಟ್ರ ಬುದ್ಧಿ.

ಹುಡುಗರು ಕೇಳಿಕೊಂಡು ಬಂದರು. ಒಬ್ಬನ ಮನೆಗೆ ಬಳೆಗಾರ ಬಂದಿರಲಿಲ್ಲ. ಒಬ್ಬನ ಮನೆಗೆ ಹಬ್ಬಕ್ಕೆ ಅತ್ತೆ ಬಂದಿರಲಿಲ್ಲ. ಬಂದವಳಿಗೆ ಸೀರೆ ಉಡಿಸಬೇಕು, ಆದ್ದರಿಂದ ಕರೆಯಲೇ ಇಲ್ಲ. ಒಬ್ಬನ ಅಣ್ಣ ಮೈಸೂರಿನ ಗಿರಣಿ ಬಿಟ್ಟು ಮನೆಗೆ ಬಂದುಬಿಟ್ಟಿದ್ದ. ಇದು ಬಂದದ್ದೋ ಬಾರದ್ದೋ ಎಂದು ಸ್ವಲ್ಪ ಚರ್ಚೆಯಾಯಿತು. ಮೇಷ್ಟ್ರು ಒಂದೊಂದನ್ನೂ ಹಿಡಿದುಕೊಂಡು ಮುಂದಕ್ಕೆ ಕೇಳುತ್ತಿದ್ದರು. ಬಳೆಗಾರ ನಿಮ್ಮ ಮನೆಗೆ ಬರಲಿಲ್ಲ ಸರಿ, ಹಾಗಾದರೆ ಬಳೆಗಾರನ ಮನೆಗೆ ಏನು ಬರಲಿಲ್ಲ? ರಾಗಿ. ರಾಗಿ ಎಲ್ಲಿ ಉಳಿಯಿತು? ನಿಮ್ಮ ಹಗೇವಿನಲ್ಲಿ, ನೆಲದ ಕಣಜದಲ್ಲಿ. ಹೀಗೆ ಎಳೆ ಹಿಡಿದು ಹೋದರೆ ಮಳವಳ್ಳಿ, ಅಲ್ಲಿಂದ ಮೈಸೂರು, ಅಲ್ಲಿಂದ ಬೊಂಬಾಯಿ, ಕೊನೆಗೆ ಸಮುದ್ರದಾಚೆ ರೇಷ್ಮೆಯ ಉಡುಪು ಕೊಳ್ಳುವುದನ್ನು ನಿಲ್ಲಿಸಿದ ಯಾರೋ ದೊರೆಸಾನಿ. ಅವಳ ಮನೆಗೆ ಏನು ಬರಲಿಲ್ಲವೋ ಪಾಪ ಎಂದು ಒಬ್ಬ ಹುಡುಗ ಮರುಗಿದ. ನಾನು ಗೋಡೆಯ ಈಚೆಗೆ ಸೀಮೆಸುಣ್ಣ ಹಿಡಿದುಕೊಂಡು ನಿಂತೇ ಇದ್ದೆ. ನನ್ನ ತರಗತಿಯೂ ಆ ಕಡೆಗೇ ಕಿವಿ ಕೊಟ್ಟಿತ್ತು.

ಆಮೇಲೆ ಉತ್ತರಗಳ ಬಣ್ಣ ಬದಲಾಯಿತು. ಒಬ್ಬ ತಮ್ಮ ಮನೆಗೆ ಉಪ್ಪು ಬಂದೇ ಇಲ್ಲ ಎಂದ. ಒಬ್ಬ ತಮ್ಮ ಮನೆಯವರು ಒಂದು ಹೊತ್ತು ಮಾತ್ರ ಉಣ್ಣುತ್ತಾರೆ ಎಂದ. ಆ ಹುಡುಗನ ಕೆನ್ನೆ ನೋಡಿದರೆ ಆ ಒಂದು ಹೊತ್ತು ಬೆಳಗಿನಿಂದ ಸಂಜೆಯವರೆಗೂ ನಡೆಯುತ್ತಿರಬೇಕು ಅನ್ನಿಸುತ್ತಿತ್ತು. ಮರಿಗೌಡ ಎದ್ದು, ಮನೆಯ ಎತ್ತು ಎರಡನ್ನೂ ಮಾರಿಬಿಟ್ಟೆವು ಎಂದು ತಲೆ ಬಗ್ಗಿಸಿಕೊಂಡು ಹೇಳಿದ. ಎಲ್ಲರೂ ಹುಬ್ಬೇರಿಸಿದರು. ಚಿಕ್ಕಬೋರೇಗೌಡರ ಕೊಟ್ಟಿಗೆಯಲ್ಲಿ ಎತ್ತಿಲ್ಲ ಎಂದರೆ ಯಾರು ನಂಬುತ್ತಾರೆ?

ಅನಂತಯ್ಯನವರಿಗೆ ಇದು ಅರ್ಥವಾಗಲಿಲ್ಲ. ನನಗೆ ಆಯಿತು. ನಮ್ಮಜ್ಜಿಯ ಹತ್ತಿರ ಒಂದು ಹರಕು ಸೀರೆ ಇತ್ತು. ಅದನ್ನು ಆಕೆ ಒಳ್ಳೆಯ ಸೀರೆಗಳಿಗಿಂತ ಜೋಪಾನವಾಗಿ ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಕಂದಾಯದ ಶೇಕ್ದಾರ ಊರಿಗೆ ಬಂದ ದಿನ ಅದನ್ನು ಉಟ್ಟುಕೊಂಡು ಬಾಗಿಲಲ್ಲಿ ಕೂರುತ್ತಿದ್ದಳು. ಹಂಡೆ ಕೊಳಗ ಹುಲ್ಲಿನ ಮೆದೆ ಸೇರುತ್ತಿದ್ದವು. ಅದೇ ಅಜ್ಜಿ, ಮನೆಗೆ ಹೆಣ್ಣು ನೋಡಲು ಬರುತ್ತಾರೆಂದರೆ ಪಕ್ಕದ ಮನೆಯ ಹಂಡೆಯನ್ನೂ ತಂದು ನಡುಮನೆಯಲ್ಲಿ ಜೋಡಿಸುತ್ತಿದ್ದಳು. ಆ ದಿನಗಳಲ್ಲಿ ಹಂಡೆ, ಎತ್ತು, ಗಾಡಿ ಕೇಳಿದರೆ ಯಾರೂ ಇಲ್ಲವೆನ್ನುತ್ತಿರಲಿಲ್ಲ. ನಾಳೆ ಅವರ ಮನೆಯಲ್ಲೂ ಹೆಣ್ಣುಮಕ್ಕಳು. ಒಕ್ಕಲು ಮನೆಗೆ ಎರಡು ಮುಖ, ಬಂದವರು ಯಾರೆಂದು ನೋಡಿ ಒಂದನ್ನು ತೋರಿಸುವುದು. ಈಗ ಇಸ್ಕೂಲಿನಿಂದ ಇಲ್ಲದ್ದರ ವಿಚಾರಣೆ ಬಂದಿದೆ. ಸರ್ಕಾರದ ಮೇಷ್ಟ್ರು ಸುಮ್ಮನೆ ಕೇಳುತ್ತಾರೆಯೇ? ಈ ವರ್ಷ ಕಂದಾಯ ಮಾಫಿ ಮಾಡುವುದಕ್ಕೇ ಮಕ್ಕಳ ಬಾಯಿಂದ ತಿಳಿದುಕೊಳ್ಳುತ್ತಿದ್ದಾರೆ ಎಂದು ಅರಳಿಕಟ್ಟೆಯಲ್ಲಿ ತೀರ್ಮಾನವಾಗಿತ್ತು.

ನಾನು ಇದನ್ನು ಹೇಳಿದಾಗ ದೊಡ್ಡಮೇಷ್ಟ್ರಿಗೆ ಬೇಸರವಾಗಲಿಲ್ಲ. ತೊಡೆ ತಟ್ಟಿಕೊಂಡು ನಕ್ಕರು. ರಾಜರು ಕೆತ್ತಿಸಿದ ಶಾಸನವೂ ಇಷ್ಟೇ ಕಣಯ್ಯ, ಬೀಗರ ಮುಂದೆ ಜೋಡಿಸಿದ ಹಂಡೆ ಎಂದರು. ಮರುದಿನ ಮಕ್ಕಳಿಗೆ ಕಂದಾಯಕ್ಕೂ ಈ ಪಾಠಕ್ಕೂ ಸಂಬಂಧವಿಲ್ಲ ಎಂದು ಬಿಡಿಸಿ ಹೇಳಿದರು. ಮಕ್ಕಳು ಮನೆಯಲ್ಲಿ ಹೇಳಿದರು. ಗುಟ್ಟಿನ ಕೆಲಸವಾದ್ದರಿಂದ ಮೇಷ್ಟ್ರು ಹಾಗೆ ಹೇಳುತ್ತಾರೆ ಎಂದು ದೊಡ್ಡವರು ತಲೆದೂಗಿದರು.

ಕಂದಾಯದ ಕಂತು ಬಂತು. ಯಾರೂ ಕಟ್ಟಲಿಲ್ಲ. ಶೇಕ್ದಾರ ಕೇಳಿದ್ದಕ್ಕೆ, ಮಾಫಿಯಾಗುತ್ತದಂತಲ್ಲ, ದೊಡ್ಡಮೇಷ್ಟ್ರು ಬರೆದುಕೊಂಡಿದ್ದಾರಲ್ಲ ಎಂದರು. ಕಾಲ ಎಂಥದ್ದು ಎಂದು ನಿಮಗೆ ನೆನಪಿಸಬೇಕಾಗಿಲ್ಲ. ಕರ ಕೊಡಬೇಡಿ ಎಂಬ ಮಾತು ಬ್ರಿಟಿಷ್ ಸೀಮೆಯ ಕಡೆಯಿಂದ ಗಾಳಿಯಲ್ಲಿ ಬರುತ್ತಿತ್ತು. ಸರ್ಕಾರಿ ಮೇಷ್ಟ್ರೊಬ್ಬರು ಕಂದಾಯ ನಿಲ್ಲಿಸಿದ್ದಾರೆ ಎಂದರೆ ಕೆಲಸ ಹೋಗುವುದಷ್ಟೇ ಅಲ್ಲ, ಇನ್ನೆಲ್ಲಿಯೂ ಸಿಗುವುದಿಲ್ಲ. ತಾಲ್ಲೂಕಿನ ಅಮಲ್ದಾರರೂ ಇಸ್ಕೂಲಿನ ಇನ್‌ಸ್ಪೆಕ್ಟರೂ ಜೊತೆಯಾಗಿ ವಿಚಾರಣೆಗೆ ಬರುತ್ತಾರೆಂದು ಹೇಳಿಕೆ ಬಂತು. ಆ ಸಂಜೆ ಅನಂತಯ್ಯನವರು ಪತ್ರಿಕೆ ಓದಲಿಲ್ಲ. ಅವರ ತಾಯಿ ಬಾಗಿಲ ಸಂದಿಯಿಂದ ನನ್ನನ್ನು ಕರೆದು, "ನಿಮ್ಮ ಮಾತು ಊರಿನವರು ಕೇಳ್ತಾರಪ್ಪ, ಯಾರಾದರೂ ಒಬ್ಬರು ನಿಜ ಹೇಳಿದರೆ ಸಾಕು" ಎಂದರು.

ಊರಲ್ಲಿ ಮಾತು ನಡೆಯುತ್ತಿದ್ದದ್ದು ಚಿಕ್ಕಬೋರೇಗೌಡರದು. ನಾನು ಅವರ ಮನೆಗೆ ಹೋದೆ. ಅಲ್ಲಿ ಸಡಗರ. ಮರಿಗೌಡನ ಅಕ್ಕನನ್ನು ನೋಡಲು ಕಿರುಗಾವಲಿನಿಂದ ಬೀಗರಾಗುವವರು ಬಂದಿದ್ದರು. ಕೊಟ್ಟಿಗೆಯಲ್ಲಿ ಕೊಂಬಿಗೆ ಎಣ್ಣೆ ಹಚ್ಚಿದ ಒಂದು ಜೊತೆ ಬಿಳಿ ಎತ್ತು. ಗೌಡರು ಹುಲ್ಲು ಹಾಕಲು ಹೋದರೆ ಒಂದು ಎತ್ತು ಅವರ ಕಡೆಗೇ ಕೊಂಬು ಬೀಸಿತು. ನಾನೂ ಕೊಟ್ಟಿಗೆಯಲ್ಲಿ ಬೆಳೆದವನೇ. ಎತ್ತು ಯಜಮಾನನ ಕೈಗೆ ಕೊಂಬು ಬೀಸುವುದಿಲ್ಲ. ಮರಿಗೌಡ ತರಗತಿಯಲ್ಲಿ ಹೇಳಿದ್ದು ಶೇಕ್ದಾರನಿಗೆಂದು ಉಟ್ಟ ಹರಕು ಸೀರೆಯಲ್ಲ, ನಿಜ ಎಂದು ಆಗ ಹೊಳೆಯಿತು.

ನಾನು ನೋಡಿದ್ದನ್ನು ಗೌಡರೂ ನೋಡಿದರು. ನನ್ನನ್ನು ಮೆದೆಯ ಹಿಂದಕ್ಕೆ ಕರೆದುಕೊಂಡು ಹೋದರು.

"ಮೇಸ್ಟ್ರೆ, ದೊಡ್ಮೇಸ್ಟ್ರು ದೇವ್ರಂತೋರು, ನಂಗೊತ್ತು. ಆದ್ರೆ ಈಗ ನಾನು ಬಾಯ್ ಬುಟ್ರೆ ಮೊಮ್ಮಗಳ ಮದ್ವೆ ನಿಂತೋಯ್ತದೆ. ನೀವೇ ಯೋಳಿ, ಏನ್ ಮಾಡ್ಲಿ?"

ಗೌಡರಿಗೆ ಕೈ ಮುಗಿದು, ಬಂದ ದಾರಿಯಲ್ಲೇ ವಾಪಸಾದೆ.

ಮರುದಿನ ಶಾಲೆಯ ಅಂಗಳದಲ್ಲಿ ಮೇಜು ಹಾಕಿತ್ತು. ಊರೆಲ್ಲ ಬಂದಿತ್ತು, ರಾತ್ರಿ ಉಳಿದಿದ್ದ ಕಿರುಗಾವಲಿನ ಯಜಮಾನರೂ ಎಲೆಅಡಿಕೆ ಮೆಲ್ಲುತ್ತ ಗುಂಪಿನಲ್ಲಿದ್ದರು. ಅಮಲ್ದಾರರು ಬುದ್ಧಿವಂತರು. ಬೆಳಿಗ್ಗೆ ಊರೊಳಗೆ ನಡೆದುಕೊಂಡೇ ಬಂದಿದ್ದರು. ಮರಿಗೌಡನನ್ನು ಕರೆದು, ತರಗತಿಯಲ್ಲಿ ಏನು ಹೇಳಿದೆ ಎಂದು ಕೇಳಿದರು. ಅವನು ತಾತನನ್ನು ನೋಡಿದ, ಕಿರುಗಾವಲಿನವರನ್ನು ನೋಡಿದ, ತಲೆ ತಗ್ಗಿಸಿದ. ಇವನು ಎತ್ತು ಮಾರಿಬಿಟ್ಟೆವು ಎಂದಿದ್ದಾನೆಂದು ನಮಗೆ ವರದಿ ಬಂದಿದೆ, ಬೆಳಿಗ್ಗೆ ನಾನೇ ಕಣ್ಣಾರೆ ಆ ಮನೆಯಲ್ಲಿ ಒಳ್ಳೆಯ ಜೊತೆ ನೋಡಿಕೊಂಡು ಬಂದೆ, ಇಷ್ಟು ಚಿಕ್ಕ ಹುಡುಗರಿಗೆ ಇಂಥ ಸುಳ್ಳು ಯಾರು ಹೇಳಿಕೊಟ್ಟರು ಎಂದು ಅಮಲ್ದಾರರು ಅನಂತಯ್ಯನವರ ಕಡೆಗೆ ತಿರುಗಿದರು. ಹುಡುಗ ಸುಳ್ಳು ಹೇಳಿದನೆಂದು ಒಪ್ಪಿಕೊಂಡಿದ್ದರೆ ಮೇಷ್ಟ್ರು ಪಾರಾಗುತ್ತಿದ್ದರೋ ಏನೋ. ಅವರು ಒಪ್ಪಿಕೊಳ್ಳಲಿಲ್ಲ. ನನ್ನ ಶಿಷ್ಯ ಹೇಳಿದ್ದನ್ನು ನಾನು ನಂಬಿದ್ದೇನೆ ಸ್ವಾಮಿ ಎಂದಷ್ಟೇ ಹೇಳಿ ಕೈಕಟ್ಟಿ ನಿಂತರು. ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು.

ಆಗ ಚಿಕ್ಕಬೋರೇಗೌಡರು ಹೆಗಲ ಮೇಲಿನ ವಲ್ಲಿಯನ್ನು ಕೈಗೆ ತೆಗೆದುಕೊಂಡು ಮುಂದೆ ಬಂದರು.

"ಹುಡ್ಗ ಸುಳ್ಳೇಳಿಲ್ಲ ಸ್ವಾಮಿ. ಎತ್ತು ನಮ್ಮವಲ್ಲ. ನಮ್ಮವ್ನ ಯುಗಾದಿಗ್ ಮುಂಚೇನೆ ಮಾರ್ದೆ. ಇವು ನಂಟ್ರ ಎತ್ತು, ಬೀಗ್ರು ಬತ್ತಾರೆ ಅಂತ ತಂದು ಕಟ್ಟಿವ್ನಿ." ಒಂದು ಉಸಿರು ತೆಗೆದುಕೊಂಡರು. "ಮಾಫಿ ಅಂತ ಮೇಸ್ಟ್ರು ಯಾವತ್ತೂ ಅಂದಿಲ್ಲ. ಅರಳಿಕಟ್ಟೇಲಿ ಮೊದ್ಲು ಅಂದೋನು ನಾನೇಯ. ಅವ್ರು ಕೇಳಿದ್ದು ಮನೆಗೇನು ಬರ್ನಿಲ್ಲ ಅಂತ, ಅಷ್ಟೇಯ."

ಹೇಳಿದವರು ಗುಂಪಿನ ಕಡೆಗೆ ತಿರುಗಿ ನೋಡಲಿಲ್ಲ. ಕಿರುಗಾವಲಿನ ಯಜಮಾನರು ಎಲೆಅಡಿಕೆ ಉಗಿದು, ಗಾಡಿ ಕಟ್ಟಲು ಹೇಳಿ ಹೊರಟುಹೋದರು.

ಅಮಲ್ದಾರರು ಇನ್‌ಸ್ಪೆಕ್ಟರ ಮುಖ ನೋಡಿದರು. ಇನ್‌ಸ್ಪೆಕ್ಟರು ಮುಚ್ಚಳ ಹಾಕಿದರು. ಹೋಗುವಾಗ, ಚರಿತ್ರೆ ಅಂದರೆ ಆಗಿಹೋದದ್ದು, ಪುಸ್ತಕ ಎಲ್ಲಿಗೆ ನಿಲ್ಲುತ್ತದೋ ಅಲ್ಲಿಗೆ ನಿಲ್ಲಿಸಿ ಎಂದು ಬುದ್ಧಿ ಹೇಳಿದರು. ಅನಂತಯ್ಯನವರು ಆಗಲಿ ಎಂದರು. ಮರುದಿನ ಸುಲ್ತಾನನ ಪಾಠ ಮತ್ತೆ ಶುರುವಾಯಿತು. ದೆಹಲಿಯಲ್ಲಿ ಆ ವರ್ಷ ಬಡವರ ಮನೆಗೆ ಏನು ಬರಲಿಲ್ಲ ಎಂದು ಅವರು ಕೇಳುತ್ತಿದ್ದದ್ದು ಗೋಡೆಯಾಚೆಯಿಂದ ನನಗೆ ಕೇಳಿಸಿತು. ಪುಸ್ತಕ ದಾಟಲಿಲ್ಲ, ಪ್ರಶ್ನೆಯನ್ನೂ ಬಿಡಲಿಲ್ಲ.

ಗೌಡರ ಮನೆಯ ಕಡೆ ಹೋಗಲು ನನಗೆ ಮುಖವಿರಲಿಲ್ಲ. ಕೆಲವು ದಿನಗಳ ಮೇಲೆ ಮಳವಳ್ಳಿ ಸಂತೆಯಲ್ಲಿ ಕಿರುಗಾವಲಿನ ಯಜಮಾನರೇ ಎದುರಾದರು. ನಾನು ತಪ್ಪಿಸಿಕೊಳ್ಳುವ ದಾರಿ ನೋಡುತ್ತಿದ್ದೆ. ಅವರೇ ಕೂಗಿ ನಿಲ್ಲಿಸಿದರು.

"ಏನ್ ಮೇಸ್ಟ್ರೆ, ನಾವು ಗಾಡಿ ಕಟ್ಕಂಡ್ ಬಂದಿದ್ವಲ್ಲ, ಆ ಎತ್ತು ನಮ್ಮವು ಅನ್ಕಂಡಿದ್ರಾ? ಗಾಡೀನೂ ನಮ್ದಲ್ಲ ಕನಪ್ಪ. ಆವತ್ತು ಅಷ್ಟು ಜನದ್ ಮುಂದೆ ಅದ್ನ ಹೇಳಕ್ಕೆ ನಂಗೆ ಬಾಯ್ ಬರ್ನಿಲ್ಲ. ಗೌಡ್ರು ಹೇಳುದ್ರು. ಅಂತಾ ಮನೆ ಹೆಣ್ಣ ಬುಡಕಾದದಾ?"

ಮದುವೆ ಆಯಿತು. ವಾಲಗದವರಿಗೆ ರಾಗಿಯನ್ನೇ ಅಳೆದು ಕೊಟ್ಟರು. ದೊಡ್ಡಮೇಷ್ಟ್ರಿಗೆ ಮೊದಲ ಪಂಕ್ತಿಯಲ್ಲಿ ಮಣೆ ಹಾಕಿ, ಬಾಳೆಹಣ್ಣು ಹಾಲು ಕೊಟ್ಟು ಕೂರಿಸಿದ್ದರು. ಬೆಲೆಗಳು ನಿಧಾನಕ್ಕೆ ಮೇಲೆದ್ದವು, ನಾಲೆಯ ನೀರು ಬಂದ ಕಡೆ ಕಬ್ಬು ಬಂತು, ನಮಗೆಲ್ಲ ಬೇರೆ ಬೇರೆ ಊರಿಗೆ ವರ್ಗವಾಯಿತು. ಅನಂತಯ್ಯನವರು ಈಗಿಲ್ಲ.

ಈ ಕಥೆಯನ್ನು ನಾನು ಎಷ್ಟು ಕಡೆ ಹೇಳಿದ್ದೇನೋ. ಮದ್ದೂರಿನ ರೈಲು ನಿಲ್ದಾಣದಲ್ಲಿ ಗಾಡಿ ತಡವಾದಾಗ ಹೇಳಿದ್ದೇನೆ, ಮದುವೆ ಮನೆಯಲ್ಲಿ ಊಟಕ್ಕೆ ಕಾಯುವಾಗ ಹೇಳಿದ್ದೇನೆ. ಮೊನ್ನೆ ಮೊಮ್ಮಗಳಿಗೂ ಹೇಳಿದೆ, ಎತ್ತು ಕೊಂಬು ಬೀಸಿದ್ದನ್ನು ಅಭಿನಯಿಸಿ ತೋರಿಸಿದೆ. ಅವಳು ನಕ್ಕಳು. ಅಡಿಗೆಮನೆಯಲ್ಲಿ ಸೌಟಿನ ಸದ್ದು ನಿಂತಿರುವುದನ್ನು ನಾನು ಗಮನಿಸಲಿಲ್ಲ. ಮೊಮ್ಮಗಳು ಪುಸ್ತಕ ಅಲ್ಲಿಯೇ ಬಿಟ್ಟು ಬಾಗಿಲಿಗೆ ಹೋಗಿ ನಿಂತಳು.

"ಅಜ್ಜಿ, ಆ ವರ್ಷ ನಿಮ್ಮನೆಗೆ ಏನು ಬರ್ಲಿಲ್ಲ?"

ನನ್ನ ಹೆಂಡತಿ ಹಲಗೂರಿನ ಆಚೆಯ ಹಳ್ಳಿಯವಳು. ಅವರದೂ ಹುಳು ಸಾಕುವ ಮನೆ. ಆಗ ಅವಳು ಇನ್ನೂ ಚಿಕ್ಕ ಹುಡುಗಿ. ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿಟ್ಟು ಹೇಳಿದಳು.

"ನಮ್ಮಕ್ಕ ಬರ್ನಿಲ್ಲ ಕಣವ್ವ. ಚೊಚ್ಚಲ ಬಾಣ್ತನಕ್ಕೆ ಕರ್ಕಬರ್ಬೇಕಾಗಿತ್ತು. ಸೀರೆ ತಕ್ಕಂಡು, ಮಡ್ಲು ತುಂಬಿ ಕರ್ಕಬರ್ಬೇಕಲ್ಲ, ಬರಿಗೈಲಿ ಓಗಕಾದದಾ? ಗೂಡು ಮಾರಾಟ ಆಗ್ಲಿ ಅಂದ್ರು ನಮ್ಮಪ್ಪ. ಗೂಡು ಮಾರಾಟ ಆಗ್ನಿಲ್ಲ. ಅವ್ಳು ಆಮೇಲೂ ಬರ್ನಿಲ್ಲ."

ಅವಳ ಅಕ್ಕ ಹೆರಿಗೆಯಲ್ಲಿ ತೀರಿಕೊಂಡದ್ದು ನನಗೆ ಗೊತ್ತಿತ್ತು. ಯಾವ ಮನೆಯಲ್ಲಿ, ಯಾಕೆ ಎಂದು ಕೇಳಿರಲಿಲ್ಲ. ನಾನು ಕಥೆ ಹೇಳುತ್ತಿದ್ದಾಗಲೆಲ್ಲ ಅವಳು ಒಳಗೆ ಅಡಿಗೆ ಮಾಡುತ್ತಿದ್ದಳು. ಎತ್ತು ಕೊಂಬು ಬೀಸುವ ಜಾಗ ಬಂದಾಗ ಕಾಫಿ ತಂದಿಡುತ್ತಿದ್ದಳು. ಅಷ್ಟೂ ಜನಕ್ಕೆ ಮೇಷ್ಟ್ರ ಪ್ರಶ್ನೆಯನ್ನು ಹೇಳಿದ್ದೆ. ಯಾರನ್ನೂ ಆ ಪ್ರಶ್ನೆ ಕೇಳಿರಲಿಲ್ಲ.

"ಪಾಕ ಗಟ್ಟಿಯಾಯ್ತದೆ, ಕೈ ತೊಳ್ಕಂಡು ಬನ್ನಿ" ಎಂದಳು. ನನಗೂ ಸೇರಿಸಿಯೇ ಹೇಳಿದ್ದು. ಆರಿದರೆ ಉಂಡೆ ಕಟ್ಟಲಾಗುವುದಿಲ್ಲ, ಬಿಸಿಯಲ್ಲೇ ಕಟ್ಟಬೇಕು. ಮೂರು ಜನ ಪಾತ್ರೆಯ ಸುತ್ತ ಕುಳಿತೆವು. ನನ್ನ ಕೈ ಸುಡುತ್ತಿತ್ತು, ಉಂಡೆಗಳು ಸೊಟ್ಟಗಾಗುತ್ತಿದ್ದವು.

"ನಿಮ್ಮಕ್ಕನ ಹೆಸರೇನಜ್ಜಿ?" ಎಂದು ಮೊಮ್ಮಗಳು ಕೇಳಿದಳು.

"ದೇವೀರಮ್ಮ" ಎಂದಳು ಅವಳು, ಉಂಡೆಯಿಂದ ಕಣ್ಣೆತ್ತದೆ.

ಆ ಹೆಸರನ್ನು ನಮ್ಮ ಮನೆಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಹೇಗಿದ್ದರು ನೋಡಲು ಎಂದು ಕೇಳಿದೆ. ಅವಳು ಹೇಳತೊಡಗಿದಳು.